ತಂಬೂರಿ ಮುಟ್ಟದೆ ಸಾಲು ಬಾರದು

ಕಲಾಸಿಪಾಳ್ಯದ ಬಸ್‌ಸ್ಟ್ಯಾಂಡಿನಲ್ಲಿ ಬೆಳಗಿನ ಹೊತ್ತು ನಿಂತರೆ ಯಾವ ಬಸ್ಸು ಯಾವ ಸೀಮೆಯಿಂದ ಬಂತು ಎಂದು ಬೋರ್ಡು ನೋಡದೆಯೇ ಹೇಳಬಹುದು. ಇಳಿಸುವ ಮೂಟೆ ನೋಡಿದರೆ ಸಾಕು. 2023ರಲ್ಲಿ ಹೊಸ ಕಟ್ಟಡ ತೆರೆದ ಮೇಲೆ ನೆಲ ನುಣುಪಾಗಿದೆ, ನೆರಳಿದೆ, ಆದರೆ ಮೂಟೆಗಳು ಹಳೆಯವೇ. ಸೊಪ್ಪಿನ ಕಟ್ಟು, ಬಾಳೆಗೊನೆ, ಬಿಡಿಹೂವಿನ ಚೀಲ. ಒಂದು ಬೆಳಗ್ಗೆ ಊರಿನಿಂದ ಬರುವ ನೆಂಟರನ್ನು ಕರೆದುಕೊಂಡು ಹೋಗಲು ಚಾಮರಾಜಪೇಟೆಯ ಮನೆಯಿಂದ ನಡೆದು ಬಂದು ಅಲ್ಲಿ ನಿಂತಿದ್ದೆ. ಕೊಳ್ಳೇಗಾಲದ ಕಡೆಯ ಬಸ್ಸಿನಿಂದ ಎಪ್ಪತ್ತು ದಾಟಿದ ಒಬ್ಬರು ಇಳಿದರು. ಕೈಯಲ್ಲಿ ಕಂಬಳಿ ಸುತ್ತಿದ ಒಂದು ಗಂಟು. ಅದನ್ನು ಕಂಡಕ್ಟರ್ ಕೈಗೂ ಕೊಡದೆ, ಮೇಲಕ್ಕೂ ಹಾಕದೆ, ಮಗುವನ್ನು ಎತ್ತಿಕೊಂಡ ಹಾಗೆ ಎದೆಗೆ ಅವುಚಿಕೊಂಡು ಇಳಿದರು. ಗಂಟಿನ ತುದಿಯಿಂದ ನಾಲ್ಕು ಬಿರಡೆ ಇಣುಕುತ್ತಿದ್ದವು. ಹಣೆಯ ಮೇಲೆ ಕಪ್ಪು ಧೂಳ್ತ.

ನೀಲಗಾರರು ಎಂದು ಗೊತ್ತಾಯಿತು. ಮಂಟೇಸ್ವಾಮಿಯ ಒಕ್ಕಲು.

ಅವರು ಕಲಾಕ್ಷೇತ್ರಕ್ಕೆ ದಾರಿ ಕೇಳಿದರು. ಇಲ್ಲಿಂದ ಜೆ.ಸಿ. ರಸ್ತೆ ಕಾಲ್ನಡಿಗೆಯ ದೂರ. ನೆಂಟರ ಬಸ್ಸು ಬರಲು ಇನ್ನೂ ಹೊತ್ತಿತ್ತು, ಜೊತೆಗೇ ಹೊರಟೆ. ನನಗೆ ಅವರಿಂದ ಒಂದು ಕೆಲಸವೂ ಇತ್ತು. ನನ್ನ ಹತ್ತಿರ ಒಂದು ಹಳೆಯ ಕ್ಯಾಸೆಟ್ ಇದೆ. ಚಿಕ್ಕಲ್ಲೂರು ಜಾತ್ರೆಯಲ್ಲಿ ಯಾರೋ ಹಿಡಿದದ್ದು, ಸ್ನೇಹಿತರೊಬ್ಬರು ನಕಲು ಮಾಡಿಕೊಟ್ಟದ್ದು. ಹಾಡಿದವರ ಹೆಸರಿಲ್ಲ, ತಾರೀಖಿಲ್ಲ. ಮಂಟೇಸ್ವಾಮಿಯ ಶಿಷ್ಯ ಸಿದ್ದಪ್ಪಾಜಿ ಹಲಗೂರಿನ ಪಾಂಚಾಳರ ಹತ್ತಿರ ಕಬ್ಬಿಣದ ಭಿಕ್ಷೆಗೆ ಹೊರಟು ಊರಬಾಗಿಲಿಗೆ ಬಂದು ನಿಲ್ಲುತ್ತಾನೆ, ಅಷ್ಟರಲ್ಲಿ ಒಂದು ಮಗ್ಗುಲಿನ ನಲವತ್ತೈದು ನಿಮಿಷ ತೀರಿ ಟೇಪು ಕಟಕ್ ಎಂದು ನಿಲ್ಲುತ್ತದೆ. ಎಷ್ಟೋ ವರ್ಷದಿಂದ ಸಿದ್ದಪ್ಪಾಜಿ ನಮ್ಮ ಮನೆಯಲ್ಲಿ ಆ ಊರಬಾಗಿಲಲ್ಲೇ ನಿಂತಿದ್ದಾನೆ. ಕಥೆ ಮುಂದೇನು ಎಂದು ಪುಸ್ತಕದಲ್ಲಿ ಓದಿದ್ದೇನೆ. ಆದರೆ ಆ ಸಾಲು ಹೇಗೆ ಎದ್ದು ಹೇಗೆ ಇಳಿಯುತ್ತದೆ ಎಂಬುದು ಪುಸ್ತಕದಲ್ಲಿ ಇರುವುದಿಲ್ಲವಲ್ಲ.

“ತಾತ, ಆ ಜಾಗದಿಂದ ಮುಂದಕ್ಕೆ ನಾಲ್ಕು ಸೊಲ್ಲು ಹೇಳ್ತೀರಾ?” ಎಂದು ದಾರಿಯಲ್ಲೇ ಕೇಳಿದೆ.

ಅವರು ನಿಂತರು. “ಬರೀ ಬಾಯ್ಲಿ ಯೋಳುದ್ರ ಮಾತಾಯ್ತದ ಕನಪ್ಪ, ಸಾಲು ಆಗಲ್ಲ. ತಂಬೂರಿ ಮೀಟುದ್ರ ಅದೇ ಎಳ್ಕಂಡ್ ಬತ್ತದ” ಎಂದರು.

ಜನಪದ ಸಂಗೀತದ ಧ್ವನಿಮುದ್ರಣದ ಬಗ್ಗೆ ಇಷ್ಟು ಸರಿಯಾದ ಮಾತನ್ನು ನಾನು ಬೇರೆಲ್ಲೂ ಕೇಳಿಲ್ಲ. ಹಾಡು ಬೇರೆ, ವಾದ್ಯ ಬೇರೆ ಎಂದು ನಾವು ತಿಳಿದುಕೊಂಡಿದ್ದೇವೆ. ಹಾಡನ್ನು ಬರೆದುಕೊಂಡರೆ ಉಳಿಯಿತು, ವಾದ್ಯವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಅದೂ ಉಳಿಯಿತು ಎಂದು ಸಮಾಧಾನ ಪಡುತ್ತೇವೆ. ಎರಡೂ ಒಂದೇ ಮೈಯ ಎರಡು ಕೈಗಳು. ಎರಡನ್ನೂ ಒಟ್ಟಿಗೆ, ಅವುಗಳದೇ ಹೊತ್ತಿನಲ್ಲಿ, ಅವುಗಳದೇ ಶ್ರುತಿಯಲ್ಲಿ ಹಿಡಿದ ಮುದ್ರಣಗಳು ನಮ್ಮಲ್ಲಿವೆ. ಅವುಗಳನ್ನು ಪರಿಚಯ ಮಾಡಿಕೊಡುವುದಕ್ಕಾಗಿಯೇ ಈ ಬರಹ.

ಮೊದಲು ಆ ಮೇಳವನ್ನು ಹತ್ತಿರದಿಂದ ನೋಡೋಣ. ನೀಲಗಾರರ ಮುಖ್ಯ ಗಾಯಕ ಒಂದು ಕೈಯಲ್ಲಿ ತಂಬೂರಿ ಹಿಡಿದು ಮೀಟುತ್ತಾನೆ, ಇನ್ನೊಂದು ಕೈಯಲ್ಲಿ ಗಗ್ಗರ ಆಡಿಸುತ್ತಾನೆ. ಗಗ್ಗರ ಎಂದರೆ ಒಳಗೆ ಟೊಳ್ಳಾದ ಲೋಹದ ಬಳೆ. ಆ ಟೊಳ್ಳಿನಲ್ಲಿ ಸಣ್ಣ ಗುಂಡುಗಳು ಓಡಾಡುತ್ತವೆ. ಹಿಮ್ಮೇಳದಲ್ಲಿ ಡಿಕ್ಕಿ, ತಾಳ. ತಂಬೂರಿಗೆ ನಾಲ್ಕೇ ತಂತಿ. ಕಛೇರಿಯ ತಂಬೂರಿ ಗಾಯಕನ ಹಿಂದೆ ನಿಂತು ಬರೀ ಶ್ರುತಿ ಹಿಡಿಯುತ್ತದೆ. ಇದು ಹಾಗಲ್ಲ. ಇದು ಶ್ರುತಿಯೂ ಹೌದು, ಲಯವೂ ಹೌದು. ಹೆಬ್ಬೆರಳು ತಂತಿಯನ್ನು ಒತ್ತಿ ಬಿಡುವ ತೂಕ ಪದದಿಂದ ಪದಕ್ಕೆ ಬೇರೆ. ಮಾತಿನ ಭಾಗ ಬಂದಾಗ ತಂಬೂರಿ ಮೆಲ್ಲಗಾಗುತ್ತದೆ, ಸಾಲು ಏರಿದಾಗ ಗಗ್ಗರ ಮುಂದೆ ಬರುತ್ತದೆ, ಹಿಮ್ಮೇಳದವರು ಸೊಲ್ಲು ತಿರುಗಿಸುವಾಗ ಮುಂದಿನವನಿಗೆ ಉಸಿರು ತಿರುಗುತ್ತದೆ, ಮುಂದಿನ ಮಾತೂ ನೆನಪಾಗುತ್ತದೆ. ರಾತ್ರಿಯಿಡೀ ಹಾಡುವವನಿಗೆ ಆ ಕ್ಷಣದ ಬಿಡುವೇ ಊರುಗೋಲು.

ಮಲೆಯ ಮಾದೇಶ್ವರನ ದೇವರಗುಡ್ಡರ ಕಂಸಾಳೆಯದೂ ಇದೇ ಕಥೆ. ಎಡಗೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ, ಬಲಗೈಯಲ್ಲಿ ದಾರ ಕಟ್ಟಿದ ಚಪ್ಪಟೆ ತಾಳ. ನಗರದವರಿಗೆ ಗೊತ್ತಿರುವುದು ಬೀಸು ಕಂಸಾಳೆ, ಮೆರವಣಿಗೆಯಲ್ಲಿ ಚಿಮ್ಮಿ ಕುಣಿಯುವಂಥದ್ದು. ಕುಳಿತು ಹಾಡುವ ಕಂಸಾಳೆ ಬೇರೆ. ಮಾದೇಶ್ವರನ ಕಾವ್ಯದ ಸಂಕಮ್ಮನ ಸಾಲು (ಕಥಾಭಾಗ) ಹಾಡುವಾಗ ಅದೇ ಕಂಚು ಅಳುವ ಹೆಂಗಸಿನ ಬಳೆಯಷ್ಟು ಮೆತ್ತಗೆ ನುಡಿಯುತ್ತದೆ. ಶ್ರವಣ ದೊರೆಯ ಸಾಲಿನಲ್ಲಿ ಕಿವಿಗೆ ಬಡಿಯುತ್ತದೆ. ಮೈಕಿಗೆ ಮಾತ್ರ ಕಂಚೆಂದರೆ ಆಗದು. ಕಂಚಿನ ತೀಕ್ಷ್ಣ ನಾದ ಟೇಪಿನ ಮೇಲೆ ಸೀಳಿಕೊಂಡು ಬೀಳುತ್ತದೆ. ಮೈಕನ್ನು ಹಾಡುವವನ ಬಾಯಿಯ ನೇರಕ್ಕೆ ಇಟ್ಟು ಕಂಸಾಳೆಯನ್ನು ಒಂದಿಷ್ಟು ಪಕ್ಕಕ್ಕೆ, ಹಿಂದಕ್ಕೆ ಸರಿಸಬೇಕು. ಹಳೆಯ ಮುದ್ರಣಗಳನ್ನು ಕೇಳುವಾಗ ಯಾರು ಬಲ್ಲವರು, ಯಾರು ಸುಮ್ಮನೆ ಗುಂಡಿ ಒತ್ತಿದವರು ಎಂದು ಮೊದಲ ನಿಮಿಷದಲ್ಲೇ ತಿಳಿಯುತ್ತದೆ.

ನಮ್ಮ ನಾಡಿನಲ್ಲಿ ಜನಪದದ ಕೆಲಸ ಶುರುವಾದದ್ದು ಕಾಗದದಿಂದ. ಫ್ಲೀಟ್ ಸಾಹೇಬ 1880ರ ದಶಕದಲ್ಲಿ ಕನ್ನಡ ಲಾವಣಿಗಳನ್ನು ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚು ಹಾಕಿಸಿದ. 1931ರಲ್ಲಿ ಹಲಸಂಗಿ ಗೆಳೆಯರ ‘ಗರತಿಯ ಹಾಡು’ ಬಂತು. 1973ರಲ್ಲಿ ಪಿ.ಕೆ. ರಾಜಶೇಖರ ಅವರು ‘ಮಲೆಯ ಮಾದೇಶ್ವರ’ ಕಾವ್ಯವನ್ನು ತಂದರು. ಜೀ.ಶಂ. ಪರಮಶಿವಯ್ಯನವರು ದಕ್ಷಿಣ ಕರ್ನಾಟಕದ ಕಾವ್ಯಪ್ರಕಾರಗಳನ್ನೆಲ್ಲ ಒಂದು ಕಣಕ್ಕೆ ತಂದು ರಾಶಿ ಹಾಕಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಹುಟ್ಟಿದ ಮೇಲೆ, 1990ರ ದಶಕದಲ್ಲಿ, ಮಂಟೇಸ್ವಾಮಿ, ಮಾದೇಶ್ವರ, ಜುಂಜಪ್ಪ, ಮೈಲಾರಲಿಂಗ ಎಂದು ಮಹಾಕಾವ್ಯಗಳ ಮಾಲೆಯೇ ಹೊರಬಂತು. ಇವೆಲ್ಲ ದೊಡ್ಡ ಕೆಲಸಗಳು. ಇವು ಇಲ್ಲದಿದ್ದರೆ ನನ್ನಂಥವರಿಗೆ ಊರಬಾಗಿಲಿನಿಂದ ಮುಂದಿನ ಕಥೆಯೇ ಗೊತ್ತಾಗುತ್ತಿರಲಿಲ್ಲ. ಆದರೆ ಟೇಪಿನಲ್ಲಿ ಹಿಡಿದ ಹಾಡು ಅಕ್ಷರಕ್ಕೆ ಇಳಿದು ಅಚ್ಚಾದ ಮೇಲೆ, ಆ ಟೇಪನ್ನು ಕೊಯ್ಲು ಮುಗಿದ ಹೊಲದ ಕೂಳೆಯಂತೆ ಕಂಡದ್ದೂ ಉಂಟು. ಪುಸ್ತಕಕ್ಕೆ ಗ್ರಂಥಾಲಯದಲ್ಲಿ ಬೀರು ಸಿಕ್ಕಿತು. ಟೇಪಿಗೆ ಅಟ್ಟವೇ ಗತಿಯಾಯಿತು.

ಟೇಪೆಂದರೆ ಕಾಗದದಂತೆ ಸುಮ್ಮನೆ ಹಳದಿಯಾಗಿ ಕುಳಿತುಕೊಳ್ಳುವ ವಸ್ತುವಲ್ಲ. ತೇವ ತಗುಲಿದರೆ ಬೂಷ್ಟು ಹಿಡಿಯುತ್ತದೆ, ಅಂಟು ಬಿಟ್ಟು ಸುರುಳಿಗೆ ಸುರುಳಿ ಮೆತ್ತಿಕೊಳ್ಳುತ್ತದೆ. ಓಡಿಸುವ ಯಂತ್ರ ಕೆಟ್ಟರೆ ಟೇಪು ಚೆನ್ನಾಗಿದ್ದೂ ಮೂಕ. ಏಳು ಅಂಗುಲದ ಸ್ಪೂಲಿನಲ್ಲಿ 1,200 ಅಡಿ ಟೇಪು ಹಿಡಿಸುತ್ತದೆ. ಸೆಕೆಂಡಿಗೆ ಏಳೂವರೆ ಅಂಗುಲದ ವೇಗದಲ್ಲಿ ಓಡಿಸಿದರೆ ನಾದ ಸೊಗಸು, ಆದರೆ ಸಿಗುವುದು ಸುಮಾರು ಅರ್ಧ ಗಂಟೆ. ವೇಗ ಅರ್ಧಕ್ಕಿಳಿಸಿದರೆ ಒಂದು ಗಂಟೆ, ಆಗ ಗಗ್ಗರದ ಹೊಳಪು ಮಂಕಾಗುತ್ತದೆ. ಬೆಳಗಿನ ಜಾವದವರೆಗೆ ನಡೆಯುವ ಕಾವ್ಯಕ್ಕೆ ಎಷ್ಟು ಸ್ಪೂಲು, ಎಷ್ಟು ಬ್ಯಾಟರಿ, ಸ್ಪೂಲು ಬದಲಿಸುವ ಹೊತ್ತಿನಲ್ಲಿ ಕೈಬಿಟ್ಟುಹೋದ ಸೊಲ್ಲು ಎಷ್ಟು ಎಂದು ಲೆಕ್ಕ ಹಾಕಿ ನೋಡಿ. ಅದಕ್ಕೂ ಮುಂಚಿನ ಗ್ರಾಮೊಫೋನ್ ಪ್ಲೇಟಿನಲ್ಲಿ ಒಂದು ಮಗ್ಗುಲಿಗೆ ಮೂರು ನಿಮಿಷ ಚಿಲ್ಲರೆ ಅಷ್ಟೆ. ಭಾರತದಲ್ಲಿ ಪ್ಲೇಟಿನ ಕಾಲ ಶುರುವಾದದ್ದು 1902ರಲ್ಲಿ ಕಲ್ಕತ್ತೆಯಲ್ಲಿ, ಗೌಹರ್ ಜಾನ್ ಕೊಳವೆಗೆ ಬಾಯಿಟ್ಟು ಹಾಡಿದಾಗ. (ಆಕೆ ಕೊನೆಗೆ ಮೈಸೂರಿಗೆ ಬಂದು 1930ರಲ್ಲಿ ಅಲ್ಲೇ ಕಣ್ಣು ಮುಚ್ಚಿದರು.) ಮೂರು ನಿಮಿಷದಲ್ಲಿ ಖಯಾಲನ್ನು ಕತ್ತರಿಸಿ ಕೂರಿಸುವ ಜಾಣ್ಮೆ ಆಕೆಗಿತ್ತು. ನಮ್ಮ ನೀಲಗಾರರಿಗೆ ಮೂರು ನಿಮಿಷ ಎಂದರೆ ತಂಬೂರಿ ಶ್ರುತಿ ಮಾಡುವುದಕ್ಕೂ ಸಾಲದು.

ಇದೇ ಕಷ್ಟಕ್ಕೆ ಮಿಲ್ಮನ್ ಪ್ಯಾರಿ ಎಂಬ ಅಮೆರಿಕದ ವಿದ್ವಾಂಸ ಒಂದು ಉಪಾಯ ಮಾಡಿದ್ದ. 1930ರ ದಶಕದ ನಡುವೆ ಯುಗೋಸ್ಲಾವಿಯದ ಹಳ್ಳಿಗಳಲ್ಲಿ ಗುಸ್ಲೆ ಎಂಬ ಒಂಟಿತಂತಿಯ ವಾದ್ಯ ನುಡಿಸಿಕೊಂಡು ಕಾವ್ಯ ಹಾಡುವವರನ್ನು ಹಿಡಿಯಲು ಎರಡು ತಿರುಗುಮಣೆಯ ಯಂತ್ರ ಮಾಡಿಸಿಕೊಂಡು ಹೋಗಿದ್ದ. ಒಂದು ಅಲ್ಯೂಮಿನಿಯಂ ತಟ್ಟೆ ತುಂಬುವಷ್ಟರಲ್ಲಿ ಇನ್ನೊಂದು ತಿರುಗಲು ಶುರುವಾಗುತ್ತಿತ್ತು. ಹಾಡುವವನು ನಿಲ್ಲಿಸಬೇಕಾಗಿರಲಿಲ್ಲ. ಹಾಡುಗಾರನ ಓಟಕ್ಕೆ ಯಂತ್ರವನ್ನೇ ಹೊಂದಿಸಿದನಲ್ಲ, ಆ ಮರ್ಯಾದೆ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ನಮ್ಮ ಕರಾವಳಿಯಲ್ಲೂ ಅಂಥದ್ದೊಂದು ನಡೆಯಿತು. 1990ರ ಡಿಸೆಂಬರಿನಲ್ಲಿ ಉಜಿರೆಯ ಹತ್ತಿರದ ಮಾಚಾರಿನ ಗೋಪಾಲ ನಾಯ್ಕರು ತುಳುವಿನ ಸಿರಿ ಕಾವ್ಯ ಹಾಡಿದಾಗ ಫಿನ್ಲೆಂಡಿನ ಲೌರಿ ಹಾಂಕೊ, ನಮ್ಮ ವಿವೇಕ ರೈ ಮತ್ತು ಚಿನ್ನಪ್ಪ ಗೌಡರು ದಿನಗಟ್ಟಲೆ ಕುಳಿತು ಹಿಡಿದರು. ಅಚ್ಚಿನಲ್ಲಿ ಅದು 15,683 ಸಾಲು. ಒಂದೇ ಕಂಠ, ಒಂದೇ ಕಾವ್ಯ.

ಮೈಸೂರು ಸೀಮೆಗೆ ಮರಳುತ್ತೇನೆ. ಕ್ಯಾಸೆಟ್ ಬಂದಾಗ ಜನಪದಕ್ಕೆ ನಿಜವಾಗಿ ಅಂಗಡಿ ಸಿಕ್ಕಿತು. ಅವೆನ್ಯೂ ರಸ್ತೆ, ಚಿಕ್ಕಪೇಟೆ, ಮೆಜೆಸ್ಟಿಕ್‌ಗಳಲ್ಲಿ ಸಾಲಾಗಿ ಕ್ಯಾಸೆಟ್ ಪೇರಿಸಿಟ್ಟ ಅಂಗಡಿಗಳು ನೆನಪಿವೆ. ಜಾತ್ರೆಗಳಲ್ಲಿ ಬೆಂಡು ಬತ್ತಾಸಿನ ಪಕ್ಕದಲ್ಲೇ ಮಾದಪ್ಪನ ಕ್ಯಾಸೆಟ್ ಮಾರಾಟಕ್ಕಿರುತ್ತಿತ್ತು. ಇದರಿಂದ ಆದ ಉಪಕಾರ ಸಣ್ಣದಲ್ಲ. ಪಿ. ಕಾಳಿಂಗರಾಯರು ಸೋಹನ್ ಕುಮಾರಿ, ಮೋಹನ್ ಕುಮಾರಿಯರ ಜೊತೆ ಹಾಡಿ ಹಳ್ಳಿಯ ಪದಗಳನ್ನು ಪಟ್ಟಣದ ಹಜಾರಕ್ಕೆ ತಂದಿದ್ದರು. ಅಶ್ವತ್ಥ್ ಅವರ ಕಂಠದಲ್ಲಿ ಶಿಶುನಾಳ ಶರೀಫರು ಮನೆಮನೆಗೆ ಬಂದರು. ಇವರಿಬ್ಬರನ್ನೂ ಕೇಳಿಕೊಂಡೇ ನಾನು ಬೆಳೆದವನು, ಇವತ್ತಿಗೂ ಕೇಳಿದರೆ ಮೈ ಜುಮ್ಮೆನ್ನುತ್ತದೆ. ಆದರೆ ತತ್ವಪದ ಹಾಡುವವರ ಕೈಯಲ್ಲಿದ್ದದ್ದು ಏಕತಾರಿ, ದಮ್ಮಡಿ, ತಾಳ. ಪಿಟೀಲಿನ ಸಾಲು, ಗಿಟಾರು, ಕೀಬೋರ್ಡು ಬಂದು ಕೂತ ಮೇಲೆ ಹಾಡಿನ ನಡಿಗೆಯೇ ಬದಲಾಯಿತು. ಏಕತಾರಿಯ ಪದದಲ್ಲಿ ಎರಡು ಸೊಲ್ಲಿನ ನಡುವೆ ಒಂದು ಖಾಲಿ ಜಾಗ ಇರುತ್ತದೆ, ಕೇಳುವವನು ಅಲ್ಲಿ ಯೋಚನೆ ಮಾಡುತ್ತಾನೆ. ವಾದ್ಯಗೋಷ್ಠಿ ಆ ಜಾಗವನ್ನು ತುಂಬಿಬಿಡುತ್ತದೆ.

ಕ್ಯಾಸೆಟ್ ಕಾಲದ ಮಧ್ಯದಲ್ಲಿ ತಂಬೂರಿಯನ್ನೇ ಹೊರಗಿಟ್ಟವರೂ ಇದ್ದರು. ಕಾರಣ ದುಡ್ಡೂ ಅಲ್ಲ, ದ್ವೇಷವೂ ಅಲ್ಲ, ಶ್ರುತಿ. ತಂಬೂರಿಯವರು ಆವತ್ತಿನ ಗಂಟಲಿಗೆ ತಕ್ಕಂತೆ ತಂತಿ ಬಿಗಿಯುತ್ತಾರೆ. ನೆಗಡಿಯಾದರೆ ಒಂದು ಬಿಗಿ, ಆಗದಿದ್ದರೆ ಇನ್ನೊಂದು. ಅದು ಕೀಬೋರ್ಡಿನ ಯಾವ ಬಿಳಿ, ಕರಿ ಮನೆಗೂ ಸರಿಯಾಗಿ ಕೂರುವುದಿಲ್ಲ. ಸ್ಟುಡಿಯೋದಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿ, ಟಿಕ್ ಟಿಕ್ ಎಂದು ಅಳತೆಯ ಸದ್ದು ಕೇಳಿಸಿ ಹಾಡು ಎಂದರೆ ಇನ್ನೂ ಕಷ್ಟ. ಈ ಹಾಡುಗಳ ಲಯ ಗಡಿಯಾರದ್ದಲ್ಲ, ಬೆಟ್ಟ ಹತ್ತುವವರದು. ಮೆಲ್ಲಗೆ ಹೊರಟು, ಬಿಸಿಯೇರಿ, ಓಡಿ, ನಿಂತು ಉಸಿರೆಳೆದುಕೊಳ್ಳುವಂಥದ್ದು. ಹಾಗಾಗಿ ತಂಬೂರಿಗೆ ಬದಲು ಶ್ರುತಿಪೆಟ್ಟಿಗೆ, ಡಿಕ್ಕಿಗೆ ಬದಲು ಡೋಲಕ್ಕು ಅಥವಾ ಪ್ಯಾಡು, ಗಗ್ಗರಕ್ಕೆ ಬದಲು ಗೆಜ್ಜೆ. ಹಾಡಿದವರು ಅದೇ ನೀಲಗಾರರು. ಕೇಳಿದರೆ ಮಾತ್ರ ಅವರು ಯಾರದೋ ಮನೆಯ ಪಡಸಾಲೆಯಲ್ಲಿ ಕೂತು ಹಾಡುತ್ತಿದ್ದಾರೆ ಎನಿಸುತ್ತದೆ.

ಇಲ್ಲಿ ‘ಸನಾದಿ ಅಪ್ಪಣ್ಣ’ ಸಿನಿಮಾ ನೆನಪಾಗುತ್ತದೆ. 1977ರ ಚಿತ್ರ. ಉತ್ತರ ಕರ್ನಾಟಕದ ಹಳ್ಳಿಯ ಸನಾದಿ ವಾದಕನ ಬಾಳು, ರಾಜಕುಮಾರರ ಅಭಿನಯ. ತೆರೆಯ ಮೇಲೆ ರಾಜಕುಮಾರ್ ಊದಿದ್ದನ್ನು ತೆರೆಯ ಹಿಂದೆ ಊದಿದವರು ಉಸ್ತಾದ್ ಬಿಸ್ಮಿಲ್ಲಾ ಖಾನರು. ಆ ನಾದಕ್ಕೆ ಕೈ ಮುಗಿಯಬೇಕು. ಆದರೆ ನಾವು ಕೇಳಿದ್ದು ಕಾಶಿಯ ಶಹನಾಯಿಯನ್ನು. ಬಾಗಲಕೋಟೆ ಸೀಮೆಯಲ್ಲಿ ಮದುವೆಗೆ, ದೇವರ ಪಲ್ಲಕ್ಕಿಗೆ ಕರಡಿ ವಾದ್ಯದ ಜೊತೆ ಬಿಸಿಲಲ್ಲಿ ನಡೆಯುತ್ತಾ ಊದುವ ಸನಾದಿಯ ಗಡಸು, ಆ ದೂಳು ಮೆತ್ತಿದ ದನಿ ಹೇಗಿರುತ್ತದೆ ಎಂದು ನನ್ನ ವಯಸ್ಸಿನ ಬೆಂಗಳೂರಿನವರಿಗೆ ಗೊತ್ತೇ ಆಗಲಿಲ್ಲ. ನಾನಂತೂ ಅದನ್ನು ಮೊದಲು ಕೇಳಿದ್ದು ಒಂದು ಕ್ಷೇತ್ರ ಮುದ್ರಣದಲ್ಲಿ, ನಲವತ್ತು ವಯಸ್ಸು ದಾಟಿದ ಮೇಲೆ.

ಕ್ಷೇತ್ರ ಮುದ್ರಣ ಎಂದರೆ ವಾದ್ಯ ಇರುವಲ್ಲಿಗೆ ಯಂತ್ರ ಹೋಗುವುದು. ಜಗತ್ತಿನಲ್ಲಿ ಇದನ್ನು ಶ್ರದ್ಧೆಯಿಂದ ಮಾಡಿದ ನಾಡುಗಳಲ್ಲಿ ಸ್ಪೇನ್ ಒಂದು. 1952ರಲ್ಲಿ ಅಲನ್ ಲೊಮ್ಯಾಕ್ಸ್ ಎಂಬ ಅಮೆರಿಕದವನು ಭಾರದ ಟೇಪ್ ಯಂತ್ರ ಹೊತ್ತು ಅಲ್ಲಿ ಸುತ್ತಿದ. ಸರ್ವಾಧಿಕಾರಿ ಫ್ರಾಂಕೊನ ಕಾಲ, ಪೊಲೀಸರು ಬೆನ್ನಿಗೇ ಇರುತ್ತಿದ್ದರು. ಗಲಿಸಿಯಾ ಸೀಮೆಯಲ್ಲಿ ಹಂದಿಗಳಿಗೆ ಬೀಜ ಒಡೆಯುವ ಕಸುಬಿನವನೊಬ್ಬ ಊರೂರು ತಿರುಗುವಾಗ ಊದುವ ಸಾಲುಕೊಳಲನ್ನು ಅವನು ಹಿಡಿದುಕೊಂಡ. ಆ ದನಿಯೇ ಮುಂದೆ 1960ರಲ್ಲಿ ಮೈಲ್ಸ್ ಡೇವಿಸ್‌ನ ಜಾಝ್ ತಟ್ಟೆಯೊಂದರಲ್ಲಿ ಹೊಸ ರೂಪ ತಾಳಿತು. ಬಳಿಕ ಗಾರ್ಸಿಯಾ ಮಾತೋಸ್ ಎಂಬ ಅಲ್ಲಿಯ ವಿದ್ವಾಂಸರು ಪ್ರಾಂತ ಪ್ರಾಂತ ಅಲೆದು ಹಿಡಿದದ್ದು 1978ರಲ್ಲಿ 17 ತಟ್ಟೆಗಳ ಮಾಲೆಯಾಗಿ ಬಂತು. ಒಂದೊಂದು ಪ್ರಾಂತದ ಹಾಡೂ ಆ ಪ್ರಾಂತದ್ದೇ ವಾದ್ಯದ ಜೊತೆ. ಉರುಯೆನ್ಯಾ ಎಂಬ ಇನ್ನೂರು ಜನರ ಹಳ್ಳಿಯಲ್ಲಿ ಹ್ವಾಕಿನ್ ದಿಯಾಸ್ ಎಂಬ ಹಾಡುಗಾರರ ಹೆಸರಿನ ಸಂಸ್ಥೆಯಿದೆ, ವಾದ್ಯ ಮತ್ತು ಮುದ್ರಣ ಎರಡೂ ಒಂದೇ ಸೂರಿನಡಿ. ಸ್ಯಾಂಟಿಯಾಗೊ ಚರ್ಚಿನ ಬಾಗಿಲ ಮೇಲೆ 1188ರ ಹೊತ್ತಿಗೆ ಕಲ್ಲಿನಲ್ಲಿ ಕಡೆದ 24 ಹಿರಿಯರ ಕೈಯ ವಾದ್ಯಗಳನ್ನು ನೋಡಿ, ಅಳತೆ ತೆಗೆದು, ಮರದಲ್ಲಿ ಮತ್ತೆ ಮಾಡಿ ನುಡಿಸಿದರು ಅಲ್ಲಿಯವರು.

ಆ ಸುದ್ದಿ ಓದಿದಾಗ ನನಗೆ ನಮ್ಮ ಕಿನ್ನರಿ ನೆನಪಾಯಿತು. ಅವರು ಕಲ್ಲನ್ನು ನೋಡಿ ಮಾಡಿಕೊಳ್ಳಬೇಕಾಯಿತು. ನಮ್ಮದು ಇನ್ನೂ ಕೈಯಲ್ಲಿದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಕಿನ್ನರಿ ಬೊಮ್ಮಯ್ಯ ಎಂಬ ಶರಣನಿದ್ದ. ತ್ರಿಪುರಾಂತಕನ ಮುಂದೆ ಕಿನ್ನರಿ ನುಡಿಸುವುದೇ ಅವನ ಕಾಯಕ. ಹದಿಮೂರನೆಯ ಶತಮಾನದ ‘ಸಂಗೀತ ರತ್ನಾಕರ’ದಲ್ಲಿ ಶಾರ್ಙ್ಗದೇವ ಕಿನ್ನರಿಯ ಲಕ್ಷಣ ಹೇಳುವಾಗ ಮೆಟ್ಟಿಲುಗಳಿಗೆ ರಣಹದ್ದಿನ ಮೂಳೆ ಎನ್ನುತ್ತಾನೆ. ಬಿದಿರಿನ ದಂಡ, ಕೆಳಗೆ ಸೋರೆ ಬುರುಡೆಗಳು, ತುದಿಯಲ್ಲಿ ಮರದಲ್ಲಿ ಕೆತ್ತಿದ ಹಕ್ಕಿ. ಇದೇ ಕಿನ್ನರಿಯನ್ನು ಹೆಗಲಿಗೇರಿಸಿಕೊಂಡು ಅರ್ಜುನ ಜೋಗಿಯ ಕಥೆ ಹಾಡುವ ಕಿನ್ನರಿ ಜೋಗಿಗಳು ಈಗ ಬೆರಳೆಣಿಕೆಯವರು. ಎಂಟುನೂರು ವರ್ಷದ ವಾದ್ಯದ ದನಿ ಬೇಕೆಂದರೆ ಕೆಲವು ಟೇಪುಗಳಿವೆ. ಕೇಳಿದರೆ ದನಿ ಸಣ್ಣದು, ಕೋಣೆಯ ಆ ಮೂಲೆಗೆ ತಲುಪುವುದಿಲ್ಲ. ಜೀರುಂಡೆಯ ಸದ್ದಿನಂತೆ ಮೊದಲು ಕಿವಿಗೆ ಹತ್ತುವುದೇ ಇಲ್ಲ, ಹತ್ತಿದ ಮೇಲೆ ಬಿಡುವುದಿಲ್ಲ.

ಕಿನ್ನರಿಯನ್ನು ಕಣ್ಣಾರೆ ನೋಡಬೇಕಾದರೆ ಜಾನಪದ ಲೋಕಕ್ಕೆ ಹೋಗಬೇಕು. ಬೆಂಗಳೂರಿನಿಂದ ಮೈಸೂರು ರಸ್ತೆಯಲ್ಲಿ 50 ಕಿಲೊಮೀಟರಿನ ಆಸುಪಾಸು, ರಾಮನಗರ. ನಾಗಮಂಗಲ ತಾಲ್ಲೂಕು ಹೆರಗನಹಳ್ಳಿಯ ಎಚ್.ಎಲ್. ನಾಗೇಗೌಡರು ಐಎಎಸ್ ಅಧಿಕಾರಿಯಾಗಿದ್ದವರು. ನಿವೃತ್ತಿಯ ಮೇಲೆ ಮನೆಯಲ್ಲಿ ಕೂರಲಿಲ್ಲ. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಕಟ್ಟಿದರು. ಟೇಪ್ ರೆಕಾರ್ಡರು, ಕ್ಯಾಮೆರಾ ಕಟ್ಟಿಕೊಂಡು ಜಾತ್ರೆ, ಹಟ್ಟಿ, ಕಾಡಂಚು ಎಲ್ಲ ಅಲೆದರು. 1994ರಲ್ಲಿ 15 ಎಕರೆಯಲ್ಲಿ ಜಾನಪದ ಲೋಕ ತೆರೆಯಿತು. ಅಲ್ಲಿಯ ಲೋಕಮಹಲಿನಲ್ಲಿ ನೇಗಿಲು, ಒರಳು, ಸೂತ್ರದ ಗೊಂಬೆಗಳ ಜೊತೆ ವಾದ್ಯಗಳೂ ಇವೆ. ಶಾಲೆಯ ಮಕ್ಕಳು ಓಡುತ್ತಾ ನೋಡಿ ಹೋಗುವ ಆ ವಾದ್ಯಗಳ ಮುಂದೆ ಒಂದು ಗಳಿಗೆ ನಿಲ್ಲಿ. ಚೌಡಿಕೆಯನ್ನು ನೋಡಿ: ಮರದ ಕೊಳಗ, ತಳಕ್ಕೆ ಚರ್ಮ, ಚರ್ಮದ ನಡುವಿನಿಂದ ಎದ್ದ ಒಂದೇ ತಂತಿ ಕೊಳಗದ ಪಕ್ಕಕ್ಕೆ ಜೋಡಿಸಿದ ದಂಡದ ಬಿರಡೆಗೆ ಹೋಗಿ ಸುತ್ತಿಕೊಂಡಿದೆ. ತಂತಿ ವಾದ್ಯವೋ ಚರ್ಮ ವಾದ್ಯವೋ ಎಂದು ಕೇಳಿದರೆ ಎರಡೂ. ಎಲ್ಲಮ್ಮನ ಜೋಗತಿಯರು ಅದನ್ನು ಕಂಕುಳಿಗೆ ಇರುಕಿ ಮೀಟಿದಾಗ ದನಿ ಬಗ್ಗುತ್ತದೆ, ಗುಟುರು ಹಾಕುತ್ತದೆ, ಮಾತಾಡುತ್ತದೆ. ಗಾಜಿನಾಚೆ ಇರುವಾಗ ಅದು ಅಕ್ಕಿ ಅಳೆಯುವ ಸೇರಿನ ಹಾಗೆ ಕಾಣುತ್ತದೆ ಅಷ್ಟೆ. ಅದಕ್ಕೇ ನಾಗೇಗೌಡರು ವಸ್ತುಗಳ ಜೊತೆಗೆ ದನಿ ಮತ್ತು ಚಿತ್ರಗಳ ಭಂಡಾರವನ್ನೂ ಕೂಡಿಟ್ಟದ್ದು ದೊಡ್ಡ ಮಾತು. ಜಾನಪದ ಲೋಕದಿಂದ ಸ್ವಲ್ಪ ದೂರದಲ್ಲೇ ರಾಮದೇವರ ಬೆಟ್ಟ. ರಣಹದ್ದುಗಳಿಗೆಂದು 2012ರಲ್ಲಿ ಕಾಯ್ದಿಟ್ಟ ಬೆಟ್ಟ. ಕಿನ್ನರಿಯ ಮೆಟ್ಟಿಲಿಗೆ ಮೂಳೆ ಕೊಟ್ಟ ಹಕ್ಕಿಯೂ ಕಿನ್ನರಿಯೂ ಹೀಗೆ ಒಂದೇ ಊರಿನ ಆಸರೆಗೆ ಬಂದಿವೆ.

ಕಲಾಸಿಪಾಳ್ಯಕ್ಕೆ ಹತ್ತಿರದ ಬಾಗಿಲೆಂದರೆ ಜೆ.ಸಿ. ರಸ್ತೆಯ ಕನ್ನಡ ಭವನ. ಅಲ್ಲಿ ಕರ್ನಾಟಕ ಜಾನಪದ ಅಕಾಡೆಮಿ ಇದೆ. 1980ರಲ್ಲಿ ಯಕ್ಷಗಾನದ ಜೊತೆ ಸೇರಿ ಹುಟ್ಟಿ, ಆಮೇಲೆ ಬೇರೆಯಾದ ಸಂಸ್ಥೆ. ಜೋಗತಿ ಕಲೆಯ ಮಂಜಮ್ಮ ಜೋಗತಿಯವರು 2019ರಲ್ಲಿ ಇದರ ಅಧ್ಯಕ್ಷರಾದರು. ಚೌಡಿಕೆಯ ದನಿಗೆ ಹೆಜ್ಜೆ ಹಾಕಿದವರೇ ಆ ಕುರ್ಚಿಯಲ್ಲಿ ಕೂತ ದಿನ ನಮಗೆಲ್ಲ ಹಬ್ಬ. ಕಳೆದ ವರ್ಷಗಳಲ್ಲಿ ಇಂಥವರಿಗೆ ದೆಹಲಿಯ ಮನ್ನಣೆಯೂ ಬಂದಿದೆ. ಬಾಗಲಕೋಟೆಯ ಗೊಂದಲಿ ಹಾಡುಗಾರ ವೆಂಕಪ್ಪ ಅಂಬಾಜಿ ಸುಗತೇಕರ್ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಮನ್ನಣೆ ಬಂದ ವಾರದಲ್ಲೇ ಅವರ ಸಂಬಾಳ, ಚೌಡಿಕೆಗಳ ಇಡೀ ಮೇಳವನ್ನು ಕೂರಿಸಿ, ಒಂದು ಪೂರ್ತಿ ಗೊಂದಲವನ್ನು ಮೊದಲಿನಿಂದ ಕೊನೆಯವರೆಗೆ ಹಿಡಿದಿಡುವ ಪದ್ಧತಿ ಬಂದರೆ ಎಷ್ಟು ಚೆನ್ನ. ಸನ್ಮಾನದ ಶಾಲು ಪೆಟ್ಟಿಗೆ ಸೇರುತ್ತದೆ, ಮುದ್ರಣ ಮೊಮ್ಮಕ್ಕಳಿಗೆ ಸೇರುತ್ತದೆ.

ವಾದ್ಯ ಮಾಡುವವರ ಮಾತೂ ಒಂದಿದೆ. ನನ್ನ ಕ್ಯಾಸೆಟ್ಟಿನಲ್ಲಿ ಕೇಳುವ ಗಗ್ಗರದ ಮೋಹಕ್ಕೆ ಬಿದ್ದು ಒಮ್ಮೆ ಬಳೇಪೇಟೆಗೆ ಹೋಗಿದ್ದೆ. ಬೆಂಗಳೂರಿನಲ್ಲಿ ವಾದ್ಯವೆಂದರೆ ಬಳೇಪೇಟೆ, ತಲೆಮಾರುಗಳಿಂದ ಹಾಗೇ. ತಬಲಕ್ಕೆ ಮುಚ್ಚಿಗೆ ಹಾಕುವವರು, ಹಾರ್ಮೋನಿಯಂ ಬಿಚ್ಚಿ ಹರಡಿಕೊಂಡು ಕೂತವರು, ಸಾಲು ಸಾಲು ಅಂಗಡಿ. ಗಗ್ಗರ ಬೇಕು ಎಂದರೆ ಒಬ್ಬರು ಗೆಜ್ಜೆ ತೋರಿಸಿದರು, ಇನ್ನೊಬ್ಬರು ಭಜನೆಯ ಚಿಟಿಕೆ ತಾಳ ತೋರಿಸಿದರು. ಮೂರನೆಯವರು ವಯಸ್ಸಾದವರು, ಕನ್ನಡಕ ಏರಿಸಿ ನನ್ನನ್ನು ನೋಡಿ, “ಅದು ಅಂಗಡೀಲಿ ಸಿಗಲ್ಲ ಸ್ವಾಮಿ, ಗುರುಮನೇಲಿ ಸಿಗತ್ತೆ” ಎಂದರು. ದೀಕ್ಷೆಯಾದವರಿಗೆ ಕೊಡುವ ವಸ್ತುವನ್ನು ನಾನು ದುಡ್ಡು ಕೊಟ್ಟು ಕೊಳ್ಳಲು ಹೊರಟಿದ್ದೆ. ನಾಚಿಕೆಯಾಯಿತು. ಪೇಟೆಯಲ್ಲಿ ಈಗ ತಮಟೆಗೂ ಫೈಬರ್ ಹಾಳೆ ಬಂದಿದೆ. ಮಳೆಗೆ ತಂಪು ಹಿಡಿಯುವುದಿಲ್ಲ, ಬೆಂಕಿಗೆ ಕಾಯಿಸಬೇಕಿಲ್ಲ, ಬಾರಿಸುವವರಿಗೆ ಅನುಕೂಲ, ಅದನ್ನು ಬೇಡ ಎನ್ನಲು ನಾನು ಯಾರು? ಆದರೆ ಚರ್ಮದ ತಮಟೆಯನ್ನು ಹುಲ್ಲಿನ ಉರಿಗೆ ಹಿಡಿದು, ಬೆರಳಲ್ಲಿ ತಟ್ಟಿ ತಟ್ಟಿ ಹದ ನೋಡುವ ಆ ಐದು ನಿಮಿಷವನ್ನೂ ಯಾರಾದರೂ ಹಿಡಿದಿಟ್ಟಿದ್ದಾರೆಯೇ ಎಂದು ಹುಡುಕುತ್ತಿರುತ್ತೇನೆ. ಹೆಚ್ಚಿನ ಮುದ್ರಣಗಳಲ್ಲಿ ಆ ಭಾಗವನ್ನು ಕತ್ತರಿಸಿಬಿಡುತ್ತಾರೆ, ಹಾಡು ಇನ್ನೂ ಶುರುವಾಗಿಲ್ಲ ಎಂದು.

ತಾತ ಆವತ್ತು ಸಂಜೆಯ ಕಾರ್ಯಕ್ರಮಕ್ಕೆ ಬಂದಿದ್ದರು. ನೆಂಟರನ್ನು ಮನೆಗೆ ಮುಟ್ಟಿಸಿ ಇಳಿಹೊತ್ತಿಗೆ ನಾನೂ ಹೋದೆ. ಅವರ ಮೇಳಕ್ಕೆ ಸಿಕ್ಕಿದ್ದು ಹದಿನೈದು ನಿಮಿಷ. ಸಂಘಟಕರ ತಪ್ಪಲ್ಲ, ಇನ್ನೂ ಎಂಟು ಮೇಳಗಳು ಕಾದಿದ್ದವು. ಇಳಿದು ಬಂದಾಗ ಕಲಾಕ್ಷೇತ್ರದ ಹಿಂದಿನ ಸಂಸ ಬಯಲು ರಂಗಮಂದಿರದ ಮೆಟ್ಟಿಲ ಮೇಲೆ ಕೂತೆವು. ಊರಿಗೆ ಹೋಗುವ ಬಸ್ಸಿಗೆ ಇನ್ನೂ ಎರಡು ಗಂಟೆ ಇತ್ತು. ನಾನು ಏನೂ ಕೇಳಲಿಲ್ಲ. ಅವರೇ, “ಎಲ್ಲಿಗ್ ನಿಂತಿತ್ತಪ್ಪ ನಿನ್ ಟೇಪು?” ಎಂದರು.

“ಹಲಗೂರು ಊರಬಾಗಿಲಿಗೆ, ತಾತ.”

ಕಂಬಳಿ ಬಿಚ್ಚಿದರು. ವೇದಿಕೆಯ ಮೇಲೆ ಮೈಕಿನವರು ಕೇಳಿದ ಶ್ರುತಿಗೆ ಏರಿಸಿದ್ದ ತಂತಿಗಳನ್ನು ಒಂದೊಂದಾಗಿ ಇಳಿಸಿದರು. ಒಂದು ಬಿರಡೆ ಜಾರುತ್ತಿತ್ತು, ಅದಕ್ಕೆ ಜೇಬಿನಿಂದ ಸೀಮೆಸುಣ್ಣದ ತುಂಡು ತೆಗೆದು ಉಜ್ಜಿದರು. ಹೆಬ್ಬೆರಳಿನಿಂದ ಒಮ್ಮೆ ಮೀಟಿ, ಕಿವಿಯನ್ನು ದಂಡಕ್ಕೆ ಒತ್ತಿ ಕೇಳಿ, ಮತ್ತೆ ಒಂದು ಕೂದಲೆಳೆ ಇಳಿಸಿದರು. ಹಿಮ್ಮೇಳದ ಹುಡುಗ ಬೀಡಿ ಆರಿಸಿ ಹತ್ತಿರ ಬಂದು ಕೂತ. ನಾನು ಮೊಬೈಲು ತೆಗೆದು, ಮೆಟ್ಟಿಲ ಮೇಲೆ ಅವರ ಬಾಯಿಯ ನೇರಕ್ಕೆ ಇಟ್ಟು, ಗಗ್ಗರ ಇರುವ ಕೈಯಿಂದ ಒಂದು ಮೊಳ ದೂರ ಸರಿಸಿ, ಗುಂಡಿ ಒತ್ತಿದೆ. ಶ್ರುತಿ ಸೇರಿಸುವ ಸದ್ದೂ ಸೇರಿ ಅದರಲ್ಲಿ ಒಂದು ಗಂಟೆ ಹತ್ತು ನಿಮಿಷ ಇದೆ.